ಅಮ್ಮ ಫೋನ್ ಮುಟ್ಟುವುದೇ ಇಲ್ಲ, ಏನು ಮಾಡಲಿ?

ಪ್ರಶ್ನೆ: ಅಮ್ಮನಿಗೆ 72. ಅಪ್ಪ ತೀರಿಕೊಂಡ ಮೇಲೆ ತಿಪಟೂರಿನ ಮನೆಗೆ ಬೀಗ ಹಾಕಿ, ಜೆ.ಪಿ. ನಗರದ ನಮ್ಮ ಫ್ಲ್ಯಾಟಿಗೆ ಕರೆದುಕೊಂಡು ಬಂದೆ. ನಾನು, ನನ್ನ ಹೆಂಡತಿ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿ ಎಂಟಕ್ಕೆ. ಮಂಡಿನೋವು ಅಂತ ಅಮ್ಮ ಪಾರ್ಕಿಗೂ ಇಳಿಯುವುದಿಲ್ಲ. ಇಡೀ ದಿನ ಸೀರಿಯಲ್. ಸ್ಮಾರ್ಟ್‌ಫೋನ್ ಕೊಡಿಸಿ ಭಜನೆ, ಆಟ, ಯೋಗ ಅಂತ ಏಳೆಂಟು ಆ್ಯಪ್ ಹಾಕಿಕೊಟ್ಟೆ. ‘ನಂಗ್ಯಾಕಪ್ಪಾ ಇದೆಲ್ಲ’ ಅಂತಾರೆ. ಅಣ್ಣ ಪುಣೆಯಲ್ಲಿದ್ದಾನೆ, ಚಿಕ್ಕಮ್ಮಂದಿರು ಶಿವಮೊಗ್ಗ, ಹಾಸನದಲ್ಲಿದ್ದಾರೆ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ಆ ಏಳೆಂಟು ಆ್ಯಪ್‌ಗಳನ್ನು ಮೊದಲು ತೆಗೆದುಬಿಡಿ. ಹೊತ್ತು ಕಳೆಯೋಕೆ ಅಮ್ಮನಿಗೆ ಸೀರಿಯಲ್ಲೇ ಸಾಕು. ತಿಪಟೂರಿನಲ್ಲಿ ಉಪ್ಪಿನಕಾಯಿಗೆ ಉಪ್ಪೆಷ್ಟು, ಬಾಣಂತಿಗೆ ಏನು ಕೊಡಬೇಕು ಅಂತ ಕೇಳಿಕೊಂಡು ಅಕ್ಕಪಕ್ಕದವರು ಬರುತ್ತಿದ್ದಿರಬೇಕು, ಅಲ್ವಾ? ಇಲ್ಲಿ ಅವರನ್ನು ಯಾರೂ ಏನೂ ಕೇಳುವುದಿಲ್ಲ. ಫೋನಿನ ಆ ಕಡೆ ತಮಗಾಗಿ ಯಾರೋ ಕಾಯುತ್ತಿದ್ದಾರೆ ಅಂತಾದರೆ ಅವರೇ ಕೈಗೆತ್ತಿಕೊಳ್ಳುತ್ತಾರೆ.

ಅದಕ್ಕೂ ಮೊದಲು ಅವರ ಬೆರಳು ನೋಡಿ. ವಯಸ್ಸಾದಂತೆ ಚರ್ಮ ಒಣಗುತ್ತದೆ. ಒಣ ಬೆರಳನ್ನು ಸ್ಕ್ರೀನ್ ಎಷ್ಟೋ ಸಲ ಗುರುತಿಸುವುದಿಲ್ಲ. ಆಗ ಅವರು ಇನ್ನೂ ಗಟ್ಟಿಯಾಗಿ, ಜಾಸ್ತಿ ಹೊತ್ತು ಒತ್ತುತ್ತಾರೆ. ಹಾಗೆ ಒತ್ತಿ ಹಿಡಿದರೆ ಫೋನ್ ಬೇರೇನೋ ಮಾಡುತ್ತದೆ, ಐಕಾನ್ ಎಲ್ಲೋ ಹೋಗುತ್ತದೆ. ‘ನಾನು ಕೆಡಿಸಿಬಿಟ್ಟೆ’ ಅಂತ ಹೆದರಿ ಪಕ್ಕಕ್ಕಿಡುತ್ತಾರೆ. ನನ್ನ ಹತ್ತಿರ ಬರುವ ಹಿರಿಯರಲ್ಲಿ ‘ನಂಗ್ಯಾಕೆ’ ಅನ್ನುವ ಮಾತಿನ ಹಿಂದೆ ಹೆಚ್ಚಾಗಿ ಈ ಹೆದರಿಕೆಯೇ ಇರುತ್ತದೆ. ಕೈಗೆ ಸ್ವಲ್ಪ ಕ್ರೀಮ್ ಹಚ್ಚಿಕೊಳ್ಳಲಿ, ಇಲ್ಲವೇ ಸ್ಕ್ರೀನ್ ಮೇಲೆ ಬರೆಯುವ ಕಡ್ಡಿ ಒಂದು ತಂದುಕೊಡಿ. ಅಕ್ಷರ ದೊಡ್ಡದು ಮಾಡಿ, ಭಾಷೆ ಕನ್ನಡಕ್ಕಿಡಿ. ಮೊದಲ ಪುಟದಲ್ಲಿ ವಾಟ್ಸ್‌ಆ್ಯಪ್ ಮತ್ತು ಒತ್ತಿದರೆ ಕರೆ ಹೋಗುವಂತೆ ಹತ್ತಿರದ ನಾಲ್ಕು ಜನರ ಫೋಟೊ, ಅಷ್ಟೇ ಇರಲಿ. ಫೋನನ್ನು ಊಟದ ಮೇಜಿನ ಮೇಲೆ ಸ್ಟ್ಯಾಂಡಿಗೆ ನಿಲ್ಲಿಸಿ.

ಟೈಪ್ ಮಾಡುವುದನ್ನು ಕಲಿಸಲೇ ಹೋಗಬೇಡಿ. ವಾಯ್ಸ್ ಮೆಸೇಜ್ ಸಾಕು. ಮೈಕಿನ ಗುರುತನ್ನು ಒತ್ತಿ ಮೇಲಕ್ಕೆ ಸರಿಸಿದರೆ ಬೆರಳು ತೆಗೆದರೂ ರೆಕಾರ್ಡ್ ಆಗುತ್ತಲೇ ಇರುತ್ತದೆ. ಇದೊಂದನ್ನು ಹತ್ತು ಸಲ ಮಾಡಿಸಿ.

ಇನ್ನು ಕೆಲಸ ಹಚ್ಚಿ. ಅಣ್ಣನ ಮಕ್ಕಳಿಗೆ ರಾತ್ರಿ ಎಂಟೂವರೆಗೆ ಒಂದು ಕಥೆ, ವಿಡಿಯೊ ಕಾಲ್‌ನಲ್ಲಿ. ಪುಣೆಯಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡ ಕಿವಿಗೆ ಬಿದ್ದಂತೆಯೂ ಆಯಿತು. ನಿಮ್ಮ ಹೆಂಡತಿ ಆಫೀಸಿನಿಂದ ‘ಅತ್ತೆ, ಮಾವಿನಕಾಯಿ ಚಿತ್ರಾನ್ನಕ್ಕೆ ಸಾಸಿವೆ ರುಬ್ಬಬೇಕಾ?’ ಅಂತ ಕೇಳಲಿ. ಸುಮ್ನೆ ಕೇಳಿದರೆ ಅವರಿಗೆ ಗೊತ್ತಾಗುತ್ತದೆ. ನಿಜವಾಗಿ ಗೊತ್ತಿಲ್ಲದ್ದನ್ನೇ ಕೇಳಲಿ.

ಚಿಕ್ಕಮ್ಮಂದಿರ ಜೊತೆ ವಾರಕ್ಕೊಂದು ದಿನ ಹಾಡು ಇಟ್ಟುಕೊಳ್ಳಬಹುದು. ಒಂದು ಎಚ್ಚರಿಕೆ: ಎಲ್ಲರೂ ಒಟ್ಟಿಗೆ ಹಾಡಿದರೆ ಕೆಡುತ್ತದೆ. ಶಿವಮೊಗ್ಗದ ದನಿ ಇಲ್ಲಿಗೆ ಬರುವಷ್ಟರಲ್ಲಿ ತಾಳ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ. ಒಬ್ಬರು ಹಾಡಲಿ, ಮಿಕ್ಕವರು ಮ್ಯೂಟ್ ಮಾಡಿಕೊಂಡು ತಮ್ಮ ತಮ್ಮ ಮನೆಯಲ್ಲಿ ದನಿಗೂಡಿಸಲಿ. ವಾರವೂ ಗಂಟೆಯೂ ಬದಲಾಗಬಾರದು.

ಬೆಳಿಗ್ಗೆ ಎದ್ದ ಕೂಡಲೇ ಹೂವಿನ ಚಿತ್ರ, ‘ಶುಭೋದಯ’ ಕಳಿಸಲು ಶುರುಮಾಡುತ್ತಾರೆ ನೋಡಿ. ದಯವಿಟ್ಟು ನಗಬೇಡಿ. ಅದು ಅವರ ಹಾಜರಿ. ಒಂದು ದಿನ ಬರದಿದ್ದರೆ ಆಗ ಫೋನ್ ಮಾಡಿ.

ಹಣದ ವಿಷಯ ಬೇರೆ. ಪಿಂಚಣಿ ಅಥವಾ ಉಳಿತಾಯ ಇರುವ ಖಾತೆಗೆ ಈ ಫೋನಿನಲ್ಲಿ ಯುಪಿಐ ಬೇಡ. ಯಾರಾದರೂ ಪೊಲೀಸ್ ಡ್ರೆಸ್ ಹಾಕಿಕೊಂಡು ವಿಡಿಯೊ ಕಾಲ್‌ನಲ್ಲಿ ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ ಅಂದರೆ ಕಟ್ ಮಾಡಬೇಕು, ಕಾನೂನಿನಲ್ಲಿ ಅಂಥದ್ದೇ ಇಲ್ಲ ಅಂತ ಮೊದಲೇ ಹೇಳಿಡಿ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೈಯಬೇಡಿ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ.

ಕಣ್ಣು, ಕಿವಿ ತೋರಿಸಿ ಎಷ್ಟು ದಿನವಾಯಿತು? ಟಿ.ವಿ. ಸೌಂಡ್ ಜಾಸ್ತಿ ಇಡುತ್ತಿದ್ದರೆ ಕಿವಿ ಪರೀಕ್ಷೆಯನ್ನು ಮೊದಲು ಮಾಡಿಸಿ. ಊಟ, ನಿದ್ದೆ ಕೆಟ್ಟು, ಸೀರಿಯಲ್ ಕೂಡ ಬೇಡ ಅನ್ನುವುದು ಎರಡು ವಾರ ದಾಟಿದರೆ ಮಾತ್ರ ಇದು ಫೋನಿನಿಂದ ಸರಿಹೋಗುವ ವಿಷಯ ಅಲ್ಲ. ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಕರೆಗೆ ದುಡ್ಡಿಲ್ಲ.