ಅನುಮಾನ ತೀರುವವರೆಗೆ ಕಾಯಬೇಕೇ?

ಪ್ರಿಯ ಸೋದರಿ,

ಶಿಡ್ಲಘಟ್ಟ ತಾಲ್ಲೂಕಿನಿಂದ ನೀವು ಬರೆದ ಪತ್ರ ತಲುಪಿತು. ಕೋರಿಕೆಯಂತೆ ಹೆಸರನ್ನು ಪ್ರಕಟಿಸುತ್ತಿಲ್ಲ. ಬಿ.ಎಸ್ಸಿ. ಮುಗಿಸಿ ಚಿಕ್ಕಬಳ್ಳಾಪುರದ ಕಚೇರಿಯೊಂದರಲ್ಲಿ ಲೆಕ್ಕ ಬರೆಯುತ್ತಿರುವ ನಿಮಗೆ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಸಂಶೋಧನೆಗೆ ಹೋಗುವ ಆಸೆಯಿದೆ. ಐಐಟಿ ಮುಂತಾದ ಸಂಸ್ಥೆಗಳಲ್ಲಿ ಎಂ.ಎಸ್ಸಿ. ಸೇರಲು ಬರೆಯುವ ‘ಜಾಮ್’ ಪ್ರವೇಶ ಪರೀಕ್ಷೆಯನ್ನು ಒಮ್ಮೆ ಬರೆದರೂ ಸೀಟು ಸಿಗಲಿಲ್ಲ. ತಮ್ಮನ ಕಾಲೇಜು ಶುಲ್ಕಕ್ಕೆ ನಿಮ್ಮ ಸಂಬಳವೇ ಆಧಾರ. ಮನೆಯಲ್ಲಿ ಮದುವೆಯ ಮಾತು ನಡೆದಿದೆ. ಇಷ್ಟನ್ನೂ ಹೇಳಿ, “ನನ್ನದು ಕನಸೋ ಬರೀ ಹಟವೋ ತಿಳಿಯುತ್ತಿಲ್ಲ, ಈ ಅನುಮಾನ ತೀರಿದ ಮೇಲೆ ಮುಂದಿನ ಹೆಜ್ಜೆ ಇಡಲೇ?” ಎಂದು ಕೇಳಿದ್ದೀರಿ.

ಕಾಯಬೇಡಿ ಎಂಬುದೇ ನನ್ನ ಉತ್ತರ. ಅನುಮಾನವೆಲ್ಲ ತೀರಿದ ಮೇಲೆ ಶುರುವಾಗುವ ಕೆಲಸ ನಿಮ್ಮ ಮನೆಯಲ್ಲೂ ಇಲ್ಲ. ರೇಷ್ಮೆ ಬೆಳೆಯುವ ನಿಮ್ಮ ತಂದೆಯವರು ಚಾಕಿ ಹುಳು, ಎಂದರೆ ಎಳೆಯ ರೇಷ್ಮೆ ಹುಳು, ತರುವ ದಿನ, ಗೂಡಿನ ಧಾರಣೆ ಎಷ್ಟಾಗುವುದೆಂದು ಅವರಿಗೆ ತಿಳಿದಿರುವುದಿಲ್ಲ. ನಾಲ್ಕನೆಯ ಜ್ವರ, ಎಂದರೆ ಹುಳು ಕೊನೆಯ ಸಲ ಪೊರೆ ಕಳಚುವ ಹಂತ, ಕಳೆದ ಮೇಲೂ ಹಾಲುತೊಂಡೆಯೋ ಸಪ್ಪೆ ರೋಗವೋ ಬಂದು ಬೆಳೆ ಕೈಬಿಡಬಹುದು. ಹಾಗೆಂದು ಅವರು ಕಣ್ಣು ಮುಚ್ಚಿ ನಡೆಯುವವರಲ್ಲ. ತೋಟದಲ್ಲಿ ಸೊಪ್ಪು ಎಷ್ಟಿದೆಯೆಂದು ನೋಡಿ ಅಷ್ಟಕ್ಕೆ ತಕ್ಕಷ್ಟೇ ಮೊಟ್ಟೆಯ ಹುಳು ತರುತ್ತಾರೆ, ಹುಳುಮನೆಗೆ ಮೊದಲೇ ಔಷಧ ಹೊಡೆದಿರುತ್ತಾರೆ.

ನಿಮ್ಮ ಪತ್ರದಲ್ಲಿ ಎರಡು ಬಗೆಯ ಅನುಮಾನಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅವನ್ನು ಬಿಡಿಸಿ ನೋಡುವುದು ಒಳ್ಳೆಯದು. ವಯಸ್ಸು ಮೀರಿತೇ, ಹಣ ಸಾಲುವುದೇ, ಎಲ್ಲಿ ಓದುವುದು ಎಂಬವು ವಿಚಾರಿಸಿದರೆ ಉತ್ತರ ಸಿಗುವಂಥವು. ಜಾಮ್ ಪರೀಕ್ಷೆಗೆ ವಯಸ್ಸಿನ ಮಿತಿಯಿಲ್ಲ, ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ನಡೆಯುತ್ತದೆ. ಅದೊಂದೇ ದಾರಿಯೂ ಅಲ್ಲ; 2017ರಲ್ಲಿ ಆರಂಭವಾದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದಲ್ಲೇ ಇದೆ. ಅಲ್ಲಿಯ ಕೋರ್ಸು, ಶುಲ್ಕ, ವಿದ್ಯಾರ್ಥಿನಿಲಯದ ವಿವರಗಳನ್ನು ಒಂದು ದಿನ ರಜೆ ಹಾಕಿ ಹೋಗಿ ಕೇಳಿಕೊಂಡು ಬನ್ನಿ.

ಎರಡನೆಯದು ಆಳದ್ದು: “ನನಗೆ ಅಷ್ಟು ಬುದ್ಧಿ ಇದೆಯೇ?” ಇದಕ್ಕೆ ನಾನಾಗಲಿ ನಿಮ್ಮ ಬಂಧುಗಳಾಗಲಿ ಕೊಡುವ ಉತ್ತರಕ್ಕೆ ಬೆಲೆಯಿಲ್ಲ. ಆದರೆ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ನಿಮಗೆ ಎಷ್ಟು ಅಂಕ ಬಂತೆಂದು ಬರೆದಿದ್ದೀರಿ, ಯಾವ ಭಾಗದಲ್ಲಿ ಅಂಕ ಹೋಯಿತೆಂದು ಬರೆದಿಲ್ಲ. ಮೂರು ಗಂಟೆ, 60 ಪ್ರಶ್ನೆ, 100 ಅಂಕಗಳ ಆ ಪರೀಕ್ಷೆಯಲ್ಲಿ ನಿಮ್ಮ ತಪ್ಪುಗಳು ಉಷ್ಣಬಲ ವಿಜ್ಞಾನದಲ್ಲಿ ಆದವೋ, ಗಣಿತದಲ್ಲೋ, ವೇಳೆ ಸಾಲದೆ ಬಿಟ್ಟ ಪ್ರಶ್ನೆಗಳಲ್ಲೋ? ಅದನ್ನು ನೋಡದೆ ಮೊತ್ತವನ್ನೇ ನಿಮ್ಮ ಯೋಗ್ಯತೆಯ ಮೇಲಿನ ತೀರ್ಪೆಂದು ಒಪ್ಪಿಕೊಂಡುಬಿಟ್ಟಿದ್ದೀರಿ. ಹಳೆಯ ಪ್ರಶ್ನೆಪತ್ರಿಕೆಯನ್ನು ಮತ್ತೆ ಬಿಡಿಸಿ, ನಿಮ್ಮ ಕಾಲೇಜಿನ ಅಧ್ಯಾಪಕರೊಬ್ಬರಿಗೆ ತೋರಿಸಿ. ಆಗ ನಿಮ್ಮ ಅನುಮಾನಕ್ಕೆ ಒಂದು ಆಕಾರ ಬರುತ್ತದೆ, ತಿದ್ದಿಕೊಳ್ಳಲು ಏನಾದರೂ ಸಿಗುತ್ತದೆ.

ನಿಮ್ಮದೇ ವಿಷಯವನ್ನು ಓದಿದ, ನಿಮ್ಮದೇ ಸೀಮೆಯವರೊಬ್ಬರನ್ನು ನೆನೆಯದೆ ಇರಲಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು, ಊರಿನಲ್ಲಿ ಮುಂದೆ ಓದಲು ಶಾಲೆಯಿಲ್ಲದ್ದರಿಂದ 1935ರಲ್ಲಿ ಬೆಂಗಳೂರಿಗೆ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿದರು. ಈ ನಡಿಗೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದರ ನಂತರದ ವರ್ಷಗಳೇ ಮುಖ್ಯವೆನಿಸುತ್ತವೆ. 1942ರ ಚಳವಳಿಗೆ ಓದು ಬಿಟ್ಟು ಜೈಲಿಗೆ ಹೋದರು, ಹಿಂದಿರುಗಿ ಓದು ಮುಗಿಸಿದರು, 1946ರಲ್ಲಿ ಅಧ್ಯಾಪಕರಾದರು, ಅಮೆರಿಕದ ಒಹಾಯೊದಲ್ಲಿ ಪಿಎಚ್.ಡಿ. ಪಡೆದಾಗ ಇಸವಿ 1960. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಮೇಲೂ, ಪ್ರಶ್ನಿಸದೆ ಯಾವುದನ್ನೂ ಒಪ್ಪದಿರುವುದನ್ನೇ ವಿದ್ಯಾರ್ಥಿಗಳಿಗೆ ಕಲಿಸಿದರು. ನಡೆದು ಹೋದವರೆಲ್ಲ ನರಸಿಂಹಯ್ಯನವರಾಗಲಿಲ್ಲ, ಅದನ್ನು ಮರೆಮಾಚಿ ನಿಮಗೆ ಧೈರ್ಯ ಹೇಳಲಾರೆ. ಆದರೆ ನಡುವೆ ನಿಂತ ಓದು ಅಲ್ಲಿಗೇ ಮುಗಿದುಹೋಗಬೇಕಾಗಿಲ್ಲ ಎಂಬುದು ಅವರ ಬದುಕಿನಿಂದ ತಿಳಿಯುತ್ತದೆ.

ಕನಸೋ ಹಟವೋ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಹಳೆಯ ಟಿಪ್ಪಣಿ ತೆಗೆದು ಲೆಕ್ಕ ಬಿಡಿಸುತ್ತೇನೆಂದು ಎಲ್ಲೋ ಒಂದು ಸಾಲಿನಲ್ಲಿ ಬರೆದಿದ್ದೀರಿ. ಯಾರೂ ಕೇಳದಿರುವಾಗ, ಅಂಕವೂ ಇಲ್ಲದಿರುವಾಗ ಮಾಡುವ ಆ ಕೆಲಸವನ್ನು ಹಟವೆನ್ನಲು ನನಗೆ ಮನಸ್ಸು ಬಾರದು.

ಕೆಲಸವನ್ನು ಈಗಲೇ ಬಿಡಬೇಡಿ. ಜಾಮ್ ಅರ್ಜಿಗಳು ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಆರಂಭವಾಗುತ್ತವೆ. ಅದಕ್ಕೆ ಮೊದಲೇ ಮನೆಯಲ್ಲಿ ಕುಳಿತು ಮಾತಾಡಿ, ಮದುವೆಯ ವಿಚಾರಕ್ಕೆ ಎರಡು ಪರೀಕ್ಷೆಗಳ ಕಾಲಾವಕಾಶವನ್ನು ನೇರವಾಗಿ ಕೇಳಿ. ಮುಗಿಯುವ ದಿನ ಗೊತ್ತಿರುವ ಕೋರಿಕೆಗೆ ತಂದೆ-ತಾಯಿ ಒಪ್ಪುವುದು ಸುಲಭ. ಆ ಮಾತುಕತೆಯಲ್ಲಿ ನಿಮ್ಮ ತಮ್ಮನೂ ಇರಲಿ. ಶುಲ್ಕ ಅವನದಾದ್ದರಿಂದ, ನೀವು ಓದಲು ಹೋದ ಮೇಲೆ ಮನೆಯ ಖರ್ಚು ಹೇಗೆ ನಡೆಯಬೇಕೆಂಬ ಲೆಕ್ಕದಲ್ಲಿ ಅವನಿಗೂ ಪಾಲು ಇರಬೇಕು.

— ಸಂಪಾದಕ