ಗುರಿ ಇಲ್ಲದ ಟ್ಯೂಬ್ ಯಾಕೆ ಹೊಳೆಯುತ್ತದೆ?

ಗ್ರಾಫೀನ್ ಆಕ್ಸೈಡ್ ಎಂಬ ತೆಳು ಇಂಗಾಲದ ಹಾಳೆಯ ಮೇಲೆ ಫ್ಯಾಮ್ ಎಂಬ ಹೊಳೆಯುವ ಬಣ್ಣ ಹಚ್ಚಿದ ಡಿಎನ್‌ಎ ಪ್ರೋಬ್ (ಗುರಿಗೆ ಜೋಡಿಯಾಗುವ ಡಿಎನ್‌ಎ ತುಣುಕು) ಕೂರಿಸಿ ಮಿರ್-21 ಎಂಬ ಮೈಕ್ರೋ ಆರ್‌ಎನ್‌ಎ (ಪುಟ್ಟ ಆರ್‌ಎನ್‌ಎ ತುಣುಕು) ಹುಡುಕುತ್ತಿದ್ದೀರಿ, ಬಫರ್‌ನಲ್ಲಿ, ಅಂದರೆ ಬರೀ ಉಪ್ಪಿನ ದ್ರಾವಣದಲ್ಲಿ, ಸರಿಯಾಗಿ ಬರುತ್ತದೆ, ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಹಾಕಿದರೆ ಮಾತ್ರ ಮೈಕ್ರೋ ಆರ್‌ಎನ್‌ಎ ಸೇರಿಸದ ಟ್ಯೂಬ್ ಕೂಡ ಹೊಳೆಯುತ್ತದೆ, ಸೆನ್ಸರ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ ಅಲ್ವಾ? ಕೆಟ್ಟಿಲ್ಲ. ನಾನೂ ಇದೇ ಜಾಗದಲ್ಲಿ ತಿಂಗಳುಗಟ್ಟಲೆ ಒದ್ದಾಡಿದ್ದೇನೆ.

ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುವ ಪ್ರೋಬ್‌ಗೆ ಗ್ರಾಫೀನ್ ಆಕ್ಸೈಡ್ ಹಾಕಿದರೆ ಕೆಲವೇ ನಿಮಿಷದಲ್ಲಿ ಟ್ಯೂಬ್ ಕಪ್ಪಾಗುತ್ತದೆ. ಒಂಟಿ ಎಳೆಯ ಡಿಎನ್‌ಎ ಆ ಹಾಳೆಗೆ ಅಂಟಿಕೊಳ್ಳುತ್ತದೆ, ಹಾಳೆ ಬೆಳಕನ್ನು ನುಂಗುತ್ತದೆ. ಗುರಿ ಸಿಕ್ಕಾಗ ಜೋಡಿ ಎಳೆಯಾಗಿ ಹಾಳೆ ಬಿಟ್ಟು ಹೊರಬರುತ್ತದೆ, ಮತ್ತೆ ಹಸಿರು. ಆದರೆ ಹಸಿರು ಬಂತು ಅಂದರೆ ಪ್ರೋಬ್ ಹಾಳೆಯಿಂದ ಬಿಟ್ಟಿತು ಅಂತಷ್ಟೇ ಅರ್ಥ. ಯಾರು ಬಿಡಿಸಿದರು ಅಂತ ಅದು ಹೇಳುವುದಿಲ್ಲ. ಸೀರಮ್‌ನಲ್ಲಿರುವ ಆಲ್ಬುಮಿನ್‌ನಂಥ ಪ್ರೋಟೀನ್‌ಗಳು ಹಾಳೆಯ ಮೇಲೆ ತಾವೇ ಕೂತು ಪ್ರೋಬನ್ನು ತಳ್ಳಿಬಿಡುತ್ತವೆ. ಡಿಎನ್‌ಎ ಕತ್ತರಿಸುವ ಕಿಣ್ವಗಳೂ ಅಲ್ಲಿವೆ, ಅವು ಪ್ರೋಬನ್ನು ತುಂಡು ಮಾಡಿದರೆ ಚೂರುಗಳು ಸರಿಯಾಗಿ ಅಂಟುವುದಿಲ್ಲ. ಸಾಲದ್ದಕ್ಕೆ ಸೀರಮ್‌ಗೆ ತನ್ನದೇ ಮಂದ ಹಸಿರು ಹೊಳಪು ಇದೆ.

ಹಾಗಾಗಿ ಹೊಳಪು ಎಲ್ಲಿಂದ ಬಂತು ಅಂತ ತಿಳಿಯಲು ಮೊದಲು ಬರೀ ಸೀರಮ್ ಒಂದು ಟ್ಯೂಬ್‌ನಲ್ಲಿ, ಸೀರಮ್ ಜೊತೆ ಪ್ರೋಬ್ ಮತ್ತು ಹಾಳೆ ಇನ್ನೊಂದರಲ್ಲಿ, ಗುರಿಯ ಅಕ್ಷರಗಳನ್ನೇ (ಬೇಸ್‌ಗಳನ್ನೇ) ಅದಲು ಬದಲು ಮಾಡಿದ ಆರ್‌ಎನ್‌ಎ ಸೇರಿಸಿ ಮತ್ತೊಂದರಲ್ಲಿ ಅಳೆಯಿರಿ. ಫ್ಯಾಮ್ ಬದಲು ಕೆಂಪಾಗಿ ಹೊಳೆಯುವ ಸೈ5 ಬಣ್ಣ ತೆಗೆದುಕೊಂಡರೆ ಸೀರಮ್‌ನ ಹೊಳಪಿನ ಕಾಟ ಕಡಿಮೆ. ಹಾಳೆಗೆ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರ್) ಲೇಪಿಸಿದರೆ ಪ್ರೋಟೀನ್ ಅಂಟುವುದು ಕಡಿಮೆಯಾಗುತ್ತದೆ. ಆದರೂ ನಾನು ಸಲಹೆ ಕೊಡುವುದು, ಆರ್‌ಎನ್‌ಎ ಬೇರ್ಪಡಿಸಿಕೊಂಡು ಆಮೇಲೆ ಸೆನ್ಸರ್‌ಗೆ ಹಾಕಿ ಅಂತಲೇ. ಸೀದಾ ರಕ್ತದಲ್ಲೇ ಅಳೆಯಬೇಕೆಂಬ ಆಸೆ ನನಗೂ ಇತ್ತು, ಆದರೆ ಅಳತೆ ನಂಬುವಂತಿರಬೇಕು.

ಇನ್ನು ಸೂಕ್ಷ್ಮತೆ. ಒಂದು ಗುರಿ ಒಂದೇ ಪ್ರೋಬನ್ನು ಬೆಳಗಿದರೆ ರಕ್ತದಲ್ಲಿರುವ ಅತಿ ಕಡಿಮೆ ಪ್ರಮಾಣಕ್ಕೆ ಸಾಲದು. ಡಿಎಸ್‌ಎನ್ (ಡ್ಯುಪ್ಲೆಕ್ಸ್ ಸ್ಪೆಸಿಫಿಕ್ ನ್ಯೂಕ್ಲಿಯೇಸ್) ಎಂಬ ಕಿಣ್ವ ಬಳಸಿ ನೋಡಿ. ಅದು ಜೋಡಿಯಲ್ಲಿರುವ ಡಿಎನ್‌ಎಯನ್ನು ಮಾತ್ರ ಕತ್ತರಿಸುತ್ತದೆ, ಬಿಡುಗಡೆಯಾದ ಆರ್‌ಎನ್‌ಎ ಮುಂದಿನ ಪ್ರೋಬ್‌ಗೆ ಹೋಗುತ್ತದೆ. ಒಂದೇ ಅಕ್ಷರ ಬೇರೆಯಿರುವ ಆರ್‌ಎನ್‌ಎಯನ್ನೂ ಪಕ್ಕದಲ್ಲಿ ಇಟ್ಟು ಪರೀಕ್ಷಿಸಿ, ಯಾಕೆಂದರೆ ಲೆಟ್-7ಎ ಮತ್ತು ಲೆಟ್-7ಸಿ ಎಂಬ ಮೈಕ್ರೋ ಆರ್‌ಎನ್‌ಎಗಳ ನಡುವೆ ಇರುವ ವ್ಯತ್ಯಾಸವೇ ಅಷ್ಟು.

ಸೀರಮ್ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಆ ಸ್ಯಾಂಪಲ್ ಬಿಟ್ಟುಬಿಡಿ. ಕೆಂಪು ರಕ್ತಕಣ ಒಡೆದು ಅದರೊಳಗಿನ ಮಿರ್-16, ಮಿರ್-451 ಎಂಬ ಮೈಕ್ರೋ ಆರ್‌ಎನ್‌ಎಗಳು ಜಾಸ್ತಿ ಬೆರೆತಿರುತ್ತವೆ.