ಡೊಂಬಿವಲಿ ಫ್ಲ್ಯಾಟಿಗೆ ರೂಟರ್: ಆಂಟೆನಾ ಎಣಿಸಬೇಡಿ, ಪೋರ್ಟ್ ನೋಡಿ

200 ಎಂಬಿಪಿಎಸ್ ಪ್ಲ್ಯಾನ್, ಆದರೆ ರೂಟರ್ ಪಕ್ಕ ಕೂತರೂ 93 ದಾಟಲ್ಲ, ಒಳಗಿನ ಬೆಡ್‌ರೂಮಲ್ಲಿ 10. ಆರು ಆಂಟೆನಾದ್ದು ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ಇವು ಎರಡು ಬೇರೆ ಬೇರೆ ತೊಂದರೆ.

93ಕ್ಕೇ ನಿಲ್ಲುತ್ತದೆ ಅಂದರೆ ದಾರಿಯಲ್ಲಿ ಎಲ್ಲೋ 100 ಎಂಬಿಪಿಎಸ್ ಮಿತಿಯ ಪೋರ್ಟ್ (ಕೇಬಲ್ ಸಿಕ್ಕಿಸುವ ಕಿಂಡಿ) ಇರುವ ಸಾಧ್ಯತೆ ಹೆಚ್ಚು. ಫೈಬರ್ ಡಬ್ಬಿಯಿಂದ ರೂಟರಿಗೆ ಬರುವ ಕೇಬಲ್ಲಿನ ಎಂಟು ತಂತಿಗಳಲ್ಲಿ ಒಂದು ತುಂಡಾದರೂ ವೇಗ ಹೀಗೇ 100ಕ್ಕೆ ಬೀಳಬಹುದು. ಮೊದಲು ಒಂದು ಕ್ಯಾಟ್ 5ಇ (ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ತಾಳುವ) ಕೇಬಲ್ ಬದಲಿಸಿ ನೋಡಿ, ಖರ್ಚು ಕಡಿಮೆ. ಹೊಸ ರೂಟರಿನ ವ್ಯಾನ್ (ಇಂಟರ್ನೆಟ್ ಒಳಬರುವ ಪೋರ್ಟ್), ಲ್ಯಾನ್ (ಮನೆಯ ಸಾಧನಗಳ ಪೋರ್ಟ್) ಎರಡೂ ಗಿಗಾಬಿಟ್ ಇರಲೇಬೇಕು. ‘ಎಸಿ1200’ ಅಂತ ವೈಫೈ ವೇಗವನ್ನು ದೊಡ್ಡಕ್ಷರದಲ್ಲಿ ಬರೆದ ಅಗ್ಗದ ಮಾಡೆಲ್‌ಗಳಲ್ಲಿ ಎಷ್ಟೋ 100ರ ಪೋರ್ಟಿನವೇ. ಮುಂಬೈನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡಿಗೆ ಹೋದರೂ ಡಬ್ಬ ತಿರುಗಿಸಿ ಓದಿ. ನಿಮ್ಮ ಪ್ಲ್ಯಾನಿಗೆ ವೈಫೈ 6ರ ‘ಎಎಕ್ಸ್1500’ ದರ್ಜೆಯ ರೂಟರ್ ಧಾರಾಳ.

ಬೆಡ್‌ರೂಮಿನದು ಗೋಡೆಯ ಕಾಟ. ವೇಗದ 5 ಗಿಗಾಹರ್ಟ್ಸ್ ವೈಫೈ ಸಿಗ್ನಲ್ ಕಾಂಕ್ರೀಟ್ (ಆರ್‌ಸಿಸಿ) ಕಂಬ, ಟೈಲ್ಸ್ ಹಾಕಿದ ಬಾತ್‌ರೂಮ್ ದಾಟುವಷ್ಟರಲ್ಲಿ ಸೊರಗುತ್ತದೆ. ರೂಟರ್ ಟಿವಿ ಹಿಂದಿದ್ದರೆ ಅಲ್ಲಿಂದ ತೆಗೆದು ಪ್ಯಾಸೇಜಿನಲ್ಲಿ ತಲೆಯೆತ್ತರಕ್ಕೆ ಇಡಿ. ಅದಕ್ಕೂ ಬಗ್ಗದಿದ್ದರೆ ಕೇಬಲ್ ಎಳೆದು ಹಳೇ ರೂಟರನ್ನೇ ಒಳಗೆ ಆಕ್ಸೆಸ್ ಪಾಯಿಂಟ್ ಮೋಡಲ್ಲಿ (ಬರೀ ವೈಫೈ ಹರಡುವ ಸೆಟ್ಟಿಂಗ್) ಹಾಕಿ. ಆ ಮೋಡ್ ಇಲ್ಲದಿದ್ದರೆ ಹಳೇ ರೂಟರಿನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಸಂಖ್ಯೆ) ಬದಲಿಸಿ, ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ಅದರ ಲ್ಯಾನ್ ಪೋರ್ಟಿಗೆ ಸಿಕ್ಕಿಸಿ.

ಹಳೇದನ್ನು ಬಿಚ್ಚುವ ಮೊದಲೇ ಇಂಟರ್ನೆಟ್‌ನವರಿಂದ ಪಿಪಿಪಿಒಇ (ರೂಟರ್ ಇಂಟರ್ನೆಟ್‌ಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್ ಬರೆಸಿಕೊಳ್ಳಿ. ಕೆಲವರು ಸಂಪರ್ಕವನ್ನು ಹಳೇ ರೂಟರಿನ ಮ್ಯಾಕ್ ವಿಳಾಸಕ್ಕೆ (ಪ್ರತಿ ಸಾಧನದ ಗುರುತಿನ ಸಂಖ್ಯೆ) ಕಟ್ಟಿಹಾಕಿರುತ್ತಾರೆ. ಹಾಗಿದ್ದರೆ ಅವರಿಗೆ ಹೊಸದರ ಮ್ಯಾಕ್ ಕೊಡಬೇಕು, ಇಲ್ಲವೇ ಹಳೇ ಮ್ಯಾಕ್ ವಿಳಾಸವನ್ನು ಹೊಸದರಲ್ಲಿ ಕ್ಲೋನ್ (ನಕಲು) ಮಾಡಬೇಕು.